ಸೋಹೋ ಕೇರಿಯ ವಾಂತಿಭೇದಿ

ರೋಗಿಯು ಔಷಧವನ್ನು ಸೇವಿಸಿದನು, ತರುವಾಯ ಗುಣಹೊಂದಿದನು, ಆದುದರಿಂದ ಆ ಔಷಧವೇ ಅವನನ್ನು ಉಳಿಸಿತು. ಮನುಷ್ಯನು ಕಟ್ಟಿಕೊಂಡಿರುವ ತರ್ಕಗಳಲ್ಲಿ ಇದಕ್ಕಿಂತ ಹಳೆಯದೂ ಇದಕ್ಕಿಂತ ಗಟ್ಟಿಯಾದುದೂ ವಿರಳ. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಕಳಚಿ ಬಿದ್ದುದಕ್ಕೂ ಸಂಬಂಧವನ್ನು ಕಲ್ಪಿಸಬಾರದೆಂದು ಹಿಂದಿನವರು ಕಾಕತಾಳೀಯವೆಂಬ ಮಾತನ್ನೇ ಮಾಡಿಟ್ಟರು. ಆದರೂ ಮನೆಯಲ್ಲಿ ಮಗು ಜ್ವರದಿಂದ ಮಲಗಿರುವಾಗ ಆ ಮಾತು ಯಾರ ನೆನಪಿಗೂ ಬರುವುದಿಲ್ಲ. ಈ ತರ್ಕವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯು 1854ನೆಯ ಇಸವಿಯಲ್ಲಿ ಲಂಡನ್ ನಗರದ ಸೋಹೋ ಎಂಬ ಕೇರಿಯಲ್ಲಿ, 600ಕ್ಕೂ ಹೆಚ್ಚು ಪ್ರಾಣಗಳ ಬೆಲೆಗೆ, ಪರೀಕ್ಷಿತವಾಯಿತು. ಒಂದು ಬಾವಿ, ಒಂದು ಬಿಯರ್ ಕಾರಖಾನೆ, ಹಲವು ಪಾನಗೃಹಗಳು, ನಿರ್ಗತಿಕರ ಒಂದು ವಸತಿ, ಒಂದು ಹೋಮಿಯೋಪತಿ ಆಸ್ಪತ್ರೆ, ಇವೆಲ್ಲವೂ ಕೆಲವೇ ನಿಮಿಷಗಳ ನಡಿಗೆಯೊಳಗೆ ಇದ್ದ ಕೇರಿಯದು.

ಸೋಹೋ ಒಂದು ಕಾಲಕ್ಕೆ ಶ್ರೀಮಂತರ ನೆಲೆಯಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ವೇಳೆಗೆ ಅವರು ಪಶ್ಚಿಮದ ಹೊಸ ಬೀದಿಗಳಿಗೆ ಹೊರಟುಹೋಗಿ, ಅವರ ಹಳೆಯ ಮನೆಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರವು ತುಂಬಿಕೊಂಡಿದ್ದಿತು. ದರ್ಜಿಗಳು, ಚಮ್ಮಾರರು, ಸಣ್ಣ ಅಂಗಡಿಯವರು ಅಲ್ಲಿನ ನಿವಾಸಿಗಳು. ಮನೆಗಳ ನಡುವೆಯೇ ದನದ ಕೊಟ್ಟಿಗೆಗಳು. ಮನೆಗಳ ಅಡಿಯಲ್ಲಿ ಮಲಗುಂಡಿಗಳು. ಹಗಲೆಲ್ಲ ದುಡಿದವರು ಸಂಜೆಯಾದೊಡನೆ ಬೀದಿಯ ಮೂಲೆಯ ಪಾನಗೃಹಕ್ಕೆ ಹೋಗಿ ಕೂಡುವರು. ಇಂಗ್ಲೆಂಡಿನ ಪಾನಗೃಹವೆಂದರೆ ಬರಿಯ ಹೆಂಡದಂಗಡಿಯೆಂದು ತಿಳಿಯಬಾರದು. ಕೇರಿಯ ಸುದ್ದಿಯು ಅಲ್ಲಿಯೇ ಹುಟ್ಟಿ ಅಲ್ಲಿಯೇ ಹರಡುವುದು. ಯಾರಿಗೆ ಯಾವ ಔಷಧವು ಹಿಡಿಯಿತೆಂಬ ವಾರ್ತೆಯೂ ಅಲ್ಲಿಯೇ ತೀರ್ಮಾನವಾಗುವುದು. ಆ ಕೇರಿಯ ಬ್ರಾಡ್ ಸ್ಟ್ರೀಟಿನಲ್ಲಿ ಒಂದು ಸಾರ್ವಜನಿಕ ಬಾವಿಯಿದ್ದು, ಅದಕ್ಕೆ ಕೈಪಂಪನ್ನು ಜೋಡಿಸಿದ್ದರು. ನೀರು ತಿಳಿಯಾಗಿದೆ, ರುಚಿಯಾಗಿದೆ ಎಂದು ಅದಕ್ಕೆ ದೊಡ್ಡ ಹೆಸರು. ಬೇರೆ ಪಂಪುಗಳು ಹತ್ತಿರವಿದ್ದರೂ ಜನರು ಅದನ್ನೇ ಅರಸಿಕೊಂಡು ಬರುತ್ತಿದ್ದರು.

1854ರ ಆಗಸ್ಟ್ 31ರ ರಾತ್ರಿ ಈ ಕೇರಿಯಲ್ಲಿ ವಾಂತಿಭೇದಿಯು ಒಮ್ಮೆಗೇ ಭುಗಿಲೆದ್ದಿತು. ಮುಂದಿನ ಹತ್ತು ದಿನಗಳಲ್ಲಿ ಆ ಪಂಪಿನ ಸುತ್ತಣ 250 ಗಜಗಳೊಳಗೆ ರೋಗಕ್ಕೆ ಗುರಿಯಾದವರಲ್ಲಿ 500ಕ್ಕೂ ಹೆಚ್ಚು ಮಂದಿ ಮೃತರಾದರು. ಬೆಳಗ್ಗೆ ಕೆಲಸಕ್ಕೆ ಹೋದವನು ಸಂಜೆಗೆ ಶವವಾಗುವನು. ಬದುಕಿದವರಲ್ಲಿ ಶಕ್ತಿಯಿದ್ದವರು ಮನೆಗಳಿಗೆ ಬೀಗ ಹಾಕಿ ಓಡಿಹೋದರು.

ರೋಗದ ಕಾರಣವೇನೆಂಬುದರಲ್ಲಿ ಅಂದಿನ ವಿದ್ವಾಂಸರಿಗೆ ಹೆಚ್ಚು ಸಂದೇಹವಿರಲಿಲ್ಲ. ಕೊಳೆತ ವಸ್ತುಗಳಿಂದ ಏಳುವ ದುರ್ವಾಯುವೇ ರೋಗಬೀಜವೆಂದು ಅವರು ನಂಬಿದ್ದರು. ಚಿಕಿತ್ಸೆಯಲ್ಲಿ ಮಾತ್ರ ವೈದ್ಯನಿಗೊಂದು ಮತ. ಒಬ್ಬನು ರಕ್ತಮೋಕ್ಷಣವನ್ನು ಮಾಡುವನು, ಮತ್ತೊಬ್ಬನು ಪಾದರಸದ ಕ್ಯಾಲೊಮೆಲ್ ಕೊಡುವನು, ಇನ್ನೊಬ್ಬನು ಅಫೀಮು, ಮಗುದೊಬ್ಬನು, ಭೇದಿಯಾಗುತ್ತಿದ್ದವನಿಗೇ, ಹರಳೆಣ್ಣೆ. ಸಾಮಾನ್ಯ ಜನರ ನಂಬಿಕೆಯು ಬ್ರಾಂದಿಯ ಮೇಲೆ. ನೀರನ್ನೂ ಲವಣವನ್ನೂ ಕಳೆದುಕೊಂಡು ಒಣಗುತ್ತಿದ್ದ ದೇಹಕ್ಕೆ ಇವುಗಳಲ್ಲಿ ಯಾವುದೂ ಹಿತವಾದುದಲ್ಲ. ಕೆಲವು ಸ್ಪಷ್ಟವಾಗಿ ಮಾರಕವಾದುವು.

ಇವರೆಲ್ಲರಿಗಿಂತ ಬೇರೆಯಾದ ಪಂಥವೊಂದು ಬ್ರಾಡ್ ಸ್ಟ್ರೀಟಿಗೆ ಕೂಗಳತೆಯಲ್ಲಿದ್ದ ಗೋಲ್ಡನ್ ಸ್ಕ್ವೇರಿನಲ್ಲಿ ನೆಲೆಗೊಂಡಿದ್ದಿತು. ಡಾಕ್ಟರ್ ಕ್ವಿನ್ ಎಂಬವನ ಪ್ರಯತ್ನದಿಂದ 1849ರಲ್ಲಿ ಸ್ಥಾಪಿತವಾದ ಲಂಡನ್ ಹೋಮಿಯೋಪತಿ ಆಸ್ಪತ್ರೆಯು ಅಲ್ಲಿದ್ದಿತು. ಈ ಪದ್ಧತಿಯ ಮೂಲಪುರುಷನು ಜರ್ಮನಿಯ ಹಾನಿಮನ್ನನು. ಆರೋಗ್ಯವಂತನಲ್ಲಿ ಯಾವ ದ್ರವ್ಯವು ಯಾವ ರೋಗಲಕ್ಷಣವನ್ನು ಹುಟ್ಟಿಸುವುದೋ ಅದೇ ದ್ರವ್ಯವು ಅಲ್ಪಪ್ರಮಾಣದಲ್ಲಿ ಆ ರೋಗವನ್ನು ಕಳೆಯುವುದೆಂದು 1810ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಪ್ರತಿಪಾದಿಸಿದನು. ಮೂಲದ್ರವ್ಯದ ಒಂದು ಪಾಲನ್ನು ನೂರು ಪಾಲಿನಲ್ಲಿ ಕದಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ನೂರರಲ್ಲಿ ಕದಡಿ, ಹೀಗೆ ಮೂವತ್ತು ಸಲ ಮಾಡುವುದು ಅವನ ಪ್ರಸಿದ್ಧವಾದ ಕ್ರಮ. ಹನ್ನೆರಡನೆಯ ಸಲವನ್ನು ದಾಟುವಷ್ಟರಲ್ಲಿಯೇ ಮೂಲದ್ರವ್ಯದ ಒಂದು ಅಣುವಾದರೂ ಉಳಿದಿರುವುದು ದುರ್ಲಭವೆಂದು ರಸಾಯನಶಾಸ್ತ್ರವು ಲೆಕ್ಕಹಾಕಿ ತೋರಿಸುವುದು. ವಾಂತಿಭೇದಿಗೆ ಮಾತ್ರ ಹಾನಿಮನ್ನನು ಕರ್ಪೂರವನ್ನು ವಿಧಿಸಿದ್ದನು. ಅದಕ್ಕೂ ಈ ರೋಗವನ್ನು ತಡೆಯುವ ಶಕ್ತಿಯಿಲ್ಲ.

ಆದರೆ ಮುಂದೆ ಹೊರಬಿದ್ದ ಅಂಕೆಗಳು ಎಲ್ಲರನ್ನೂ ಬೆರಗುಗೊಳಿಸುವಂತಿದ್ದುವು. ಹೋಮಿಯೋಪತಿ ಆಸ್ಪತ್ರೆಯಲ್ಲಿ ವಾಂತಿಭೇದಿಗೆ ಚಿಕಿತ್ಸೆ ಪಡೆದ 61 ಮಂದಿಯಲ್ಲಿ ಸತ್ತವರು 10 ಮಂದಿ, ಎಂದರೆ ಶೇಕಡಾ 16ಕ್ಕೆ ಸ್ವಲ್ಪ ಹೆಚ್ಚು. ಸಮೀಪದ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿಯಾದರೋ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸತ್ತಿದ್ದರು. ಸರ್ಕಾರದ ಆರೋಗ್ಯಮಂಡಲಿಯ ವೈದ್ಯ ಸಮಿತಿಯು ಪಾರ್ಲಿಮೆಂಟಿಗೆ ವರದಿಯನ್ನು ಒಪ್ಪಿಸುವಾಗ ಹೋಮಿಯೋಪತಿಯ ಅಂಕೆಗಳನ್ನು ಕೈಬಿಟ್ಟಿತು. ಅವನ್ನು ಸೇರಿಸಿದರೆ ಅಶಾಸ್ತ್ರೀಯವಾದ ಪದ್ಧತಿಯೊಂದಕ್ಕೆ ಮನ್ನಣೆ ಕೊಟ್ಟಂತಾಗುವುದೆಂಬುದು ಸಮಿತಿಯ ಸಮಾಧಾನ. ಈ ಸಂಗತಿಯು ಬಯಲಾಗಿ, ಪಾರ್ಲಿಮೆಂಟಿನಲ್ಲಿ ಒತ್ತಾಯ ಬಂದು, 1855ರಲ್ಲಿ ಆ ಅಂಕೆಗಳು ಪ್ರಕಟವಾಗಲೇಬೇಕಾಯಿತು. ಬಚ್ಚಿಟ್ಟು ಸಿಕ್ಕಿಬಿದ್ದ ಅಂಕೆಗೆ ತೆರೆದಿಟ್ಟ ಅಂಕೆಗಿಂತ ಹತ್ತರಷ್ಟು ಬೆಲೆ. ಹೋಮಿಯೋಪತಿಯ ಭಕ್ತರು ಅಂದಿನಿಂದ ಇಂದಿನವರೆಗೆ ಇದನ್ನು ತಮ್ಮ ಪದ್ಧತಿಯ ಜಯಪತ್ರವೆಂದು ಎತ್ತಿ ತೋರಿಸುತ್ತಲೇ ಬಂದಿರುವರು.

ಇದೇ ಕಾಲದಲ್ಲಿ ಅದೇ ಕೇರಿಯಲ್ಲಿ ಇನ್ನೊಬ್ಬನು ಬೇರೊಂದು ಬಗೆಯ ಲೆಕ್ಕವನ್ನು ಮಾಡುತ್ತಿದ್ದನು. ಜಾನ್ ಸ್ನೋ ಎಂಬ ಈ ವೈದ್ಯನು ಹತ್ತಿರದಲ್ಲಿಯೇ ವಾಸವಾಗಿದ್ದವನು. ಯಾರ್ಕ್ ಪಟ್ಟಣದ ಬಡಕುಟುಂಬದವನು. ತಾರುಣ್ಯದಿಂದಲೇ ಮದ್ಯವನ್ನು ವರ್ಜಿಸಿದವನು. ರೋಗವು ಹರಡುವುದು ಗಾಳಿಯಿಂದಲ್ಲ, ರೋಗಿಯ ಮಲವು ಕಲೆತ ನೀರಿನಿಂದ ಎಂದು ಅವನು 1849ರಲ್ಲಿಯೇ ಬರೆದಿದ್ದನು. ಅದನ್ನು ಒಪ್ಪಿದವರು ಕೆಲವರೇ. ಈಗ ಅವನು ಸತ್ತವರ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗಿ, ಇವರು ಕುಡಿದುದು ಎಲ್ಲಿಯ ನೀರು, ಎಂಬ ಒಂದೇ ಪ್ರಶ್ನೆಯನ್ನು ಕೇಳುತ್ತ ನಡೆದನು.

ಬ್ರಾಡ್ ಸ್ಟ್ರೀಟಿನಲ್ಲಿ ಪಂಪಿಗೆ ಹತ್ತಿರವಾಗಿಯೇ ಬಿಯರ್ ಕಾರಖಾನೆಯಿದ್ದಿತು. ಅಲ್ಲಿ 70ಕ್ಕೂ ಹೆಚ್ಚು ಕೆಲಸಗಾರರು. ಸತ್ತವರ ಪಟ್ಟಿಯಲ್ಲಿ ಅವರೊಬ್ಬರ ಹೆಸರೂ ಇಲ್ಲದುದನ್ನು ಕಂಡು ಸ್ನೋ ಮಾಲಿಕನನ್ನು ವಿಚಾರಿಸಿದನು. ಇಬ್ಬರಿಗೆ ಸ್ವಲ್ಪ ಅಸ್ವಸ್ಥವಾಗಿದ್ದುದನ್ನು ಬಿಟ್ಟರೆ ಯಾರಿಗೂ ರೋಗವು ತಟ್ಟಿರಲಿಲ್ಲ. ಅವರಿಗೆ ಪ್ರತಿದಿನವೂ ಕಾರಖಾನೆಯಿಂದ ಬಿಯರಿನ ಪಾಲು ದೊರೆಯುತ್ತಿದ್ದಿತು. ಇಲ್ಲಿ ವಾಚಕರು ಒಂದು ಕ್ಷಣ ನಿಂತು ಆಲೋಚಿಸಬೇಕು. 61ರಲ್ಲಿ 51 ಮಂದಿ ಉಳಿದುದು ಹೋಮಿಯೋಪತಿಯ ಮಹಿಮೆಯಾದರೆ, 70ಕ್ಕೆ 70 ಮಂದಿಯೂ ಉಳಿದುದು ಬಿಯರಿನ ಮಹಿಮೆಯೆಂದು ಒಪ್ಪಬೇಕಾಗುವುದು. ಕೇರಿಯ ಪಾನಗೃಹಗಳಿಗೆ ಇದಕ್ಕಿಂತ ಸಿಹಿಯಾದ ವಾರ್ತೆಯು ಮತ್ತೊಂದಿರಲಾರದು.

ಮದ್ಯದ್ವೇಷಿಯಾದ ಸ್ನೋ ಈ ತೀರ್ಮಾನವನ್ನು ಬಯಸದೆ ಇದ್ದಿರಬಹುದು. ಆದರೆ ಅವನು ಅದನ್ನು ತನ್ನ ಇಷ್ಟಾನಿಷ್ಟಗಳಿಂದ ತಳ್ಳಿಹಾಕಲಿಲ್ಲ. ಅವರು ಏನನ್ನು ಕುಡಿದರು ಎಂಬುದರ ಜೊತೆಗೆ ಏನನ್ನು ಕುಡಿಯಲಿಲ್ಲ ಎಂಬುದನ್ನೂ ಕೇಳಿದನು. ಕಾರಖಾನೆಯ ಒಳಗೇ ಆಳವಾದ ಬಾವಿಯೊಂದಿದ್ದಿತು. ಬೀದಿಯ ಪಂಪಿನ ನೀರನ್ನು ಆ ಕೆಲಸಗಾರರು ಎಂದೂ ಮುಟ್ಟಿರಲಿಲ್ಲ. ತದ್ವಿರುದ್ಧವಾಗಿ, ಸುತ್ತಣ ಪಾನಗೃಹಗಳಲ್ಲಿ ಮದ್ಯಕ್ಕೆ ಬೆರೆಸುತ್ತಿದ್ದುದು ಆ ಪಂಪಿನ ನೀರನ್ನೇ. ಸಣ್ಣ ಅಂಗಡಿಗಳಲ್ಲಿ ನೊರೆಯೇಳುವ ಒಂದು ಚಮಚ ಪುಡಿಯನ್ನು ಅದಕ್ಕೇ ಹಾಕಿ ಷರಬತ್ತೆಂದು ಮಾರುತ್ತಿದ್ದರು. ಕೂಲಿಕಾರರು ಊಟಮಾಡುತ್ತಿದ್ದ ಕಾಫಿ ಅಂಗಡಿಯೊಂದರ ಒಡತಿಯು, ತನ್ನ ಗಿರಾಕಿಗಳಲ್ಲಿ ತಾನು ಬಲ್ಲಂತೆಯೇ ಒಂಬತ್ತು ಮಂದಿ ಸತ್ತಿರುವರೆಂದು ಸೆಪ್ಟೆಂಬರ್ 6ರಂದು ಸ್ನೋವಿಗೆ ಹೇಳಿದಳು. ಬಂದೂಕಿನ ಕೇಪುಗಳನ್ನು ತಯಾರಿಸುತ್ತಿದ್ದ ಕಾರಖಾನೆಯಲ್ಲಿ ಕೆಲಸಗಾರರಿಗಾಗಿ ಆ ನೀರನ್ನು ಎರಡು ತೊಟ್ಟಿಗಳಲ್ಲಿ ತುಂಬಿಡುವ ವಾಡಿಕೆ. ಅಲ್ಲಿನ ಸುಮಾರು 200 ಮಂದಿಯಲ್ಲಿ 18 ಮಂದಿ ಸತ್ತರು. ಆ ಕಾರಖಾನೆಯ ಮಾಲಿಕರ ವೃದ್ಧಮಾತೆಯು ಮೈಲಿಗಳ ಆಚೆಯ ಹ್ಯಾಂಪ್‌ಸ್ಟೆಡ್ಡಿನಲ್ಲಿ ವಾಸವಾಗಿದ್ದಳು. ಅಲ್ಲಿ ರೋಗದ ಸುಳಿವೇ ಇರಲಿಲ್ಲ. ಆದರೆ ಹಳೆಯ ಕೇರಿಯ ನೀರಿನ ರುಚಿಯನ್ನು ಮರೆಯಲಾರದೆ ಆಕೆಯು ಅದನ್ನು ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ಸೆಪ್ಟೆಂಬರ್ 2ರಂದು ಆಕೆಯು ತೀರಿಕೊಂಡಳು. ನೋಡಲು ಬಂದು ಅದೇ ನೀರನ್ನು ಕುಡಿದ ಬಂಧುವೊಬ್ಬಳೂ ತನ್ನ ಊರಿಗೆ ಹಿಂದಿರುಗಿ ಸತ್ತಳು.

ಬಿಯರಿನ ಮಹಿಮೆಯನ್ನು ಕೊನೆಗಾಣಿಸಿದುದು ನಿರ್ಗತಿಕರ ವಸತಿ. ಪೋಲೆಂಡ್ ಸ್ಟ್ರೀಟಿನಲ್ಲಿದ್ದ ಅದರ ಸುತ್ತಲೂ ಸಾವಿನ ಮನೆಗಳೇ ಇದ್ದುವು. ಒಳಗಿದ್ದ 535 ಮಂದಿಯಲ್ಲಿ ಸತ್ತವರು ಐವರು ಮಾತ್ರ. ಸುತ್ತಣ ಬೀದಿಗಳ ಪ್ರಮಾಣದಲ್ಲಿ ಸತ್ತಿದ್ದರೆ ನೂರು ಮಂದಿಯನ್ನು ಮೀರಬೇಕಾಗಿದ್ದಿತು. ಅವರಿಗೆ ಕಾರಖಾನೆಯ ಬಿಯರಿನ ಪಾಲಿರಲಿಲ್ಲ, ಗೋಲ್ಡನ್ ಸ್ಕ್ವೇರಿನ ಬಿಂದುಗಳ ರಕ್ಷೆಯೂ ಇರಲಿಲ್ಲ. ಅವರಿಗಿದ್ದುದು ಆವರಣದೊಳಗಿನ ತಮ್ಮದೇ ಬಾವಿ.

ಸೆಪ್ಟೆಂಬರ್ 7ರ ಸಂಜೆ ಸ್ನೋ ಕೇರಿಯ ಪಾಲಕಮಂಡಲಿಯ ಮುಂದೆ ತನ್ನ ಲೆಕ್ಕವನ್ನಿಟ್ಟನು. ಮರುದಿನ ಪಂಪಿನ ಹಿಡಿಯನ್ನು ಕಳಚಿದರು. ರೋಗವು ಅಡಗಿತು. ಇಲ್ಲಿಯೂ ಅದೇ ಹಳೆಯ ತರ್ಕವು ಬಲೆಯನ್ನು ಬೀಸುವುದು. ಕನ್ನಡನಾಡಿನ ಹಳ್ಳಿಗಳಲ್ಲಿ ಮಾರಿಯನ್ನು ಊರ ಗಡಿಯಾಚೆಗೆ ಸಾಗಿಸಿದ ಮೇಲೆ ರೋಗವು ಇಳಿದರೆ ಆ ಕೀರ್ತಿಯು ಪೂಜೆಗೆ ಸಲ್ಲುತ್ತಿದ್ದಿತು. ಲಂಡನ್ನಿನಲ್ಲಿ ಅದು ಪಂಪಿನ ಹಿಡಿಗೆ ಸಲ್ಲಬಹುದಾಗಿದ್ದಿತು. ಜನರು ಊರು ಬಿಟ್ಟು ಓಡಿದ್ದರಿಂದ ರೋಗವು ಆ ಮೊದಲೇ ಇಳಿಮುಖವಾಗಿತ್ತೆಂದು ಸ್ವತಃ ಸ್ನೋವೇ ಬರೆದಿಟ್ಟನು. ತನ್ನ ವಾದಕ್ಕೆ ಅನುಕೂಲವಾದ ಕಾಕತಾಳೀಯವನ್ನೂ ಅವನು ಬಳಸಿಕೊಳ್ಳಲಿಲ್ಲ.

ಅವನನ್ನು ನಂಬದಿದ್ದವರಲ್ಲಿ ಆ ಕೇರಿಯ ಕಿರಿಯ ಪಾದ್ರಿಯಾದ ಹೆನ್ರಿ ವೈಟ್‌ಹೆಡ್ಡನೂ ಒಬ್ಬನು. ಸಾಯುವವರ ಮಗ್ಗುಲಲ್ಲಿ ಹಗಲಿರುಳು ಕುಳಿತಿದ್ದ ಅವನಿಗೆ ಆ ಕೇರಿಯ ಪ್ರತಿಯೊಂದು ಮನೆಯೂ ಪರಿಚಿತ. ಸರಿಯಾಗಿ ವಿಚಾರಿಸಿದರೆ ಪಂಪಿನ ವಾದವು ಬಿದ್ದುಹೋಗುವುದೆಂದು ಅವನ ಎಣಿಕೆ. ಅವನು ಆ ಸಂದೇಹವನ್ನು ಪಾನಗೃಹದ ಹರಟೆಗೆ ಬಿಡದೆ ತಿಂಗಳುಗಟ್ಟಲೆ ಮನೆಮನೆಗೆ ಅಲೆದನು. ನೀರನ್ನು ಕುಡಿದ 137 ಮಂದಿಯಲ್ಲಿ 80 ಮಂದಿಗೆ ರೋಗವು ತಗುಲಿತ್ತು. ಕುಡಿಯದ 297 ಮಂದಿಯಲ್ಲಿ 20 ಮಂದಿಗೆ ಮಾತ್ರ. ಅವನು ತನ್ನ ಅಭಿಪ್ರಾಯವನ್ನು ಬದಲಾಯಿಸಿಕೊಂಡನು. ಅಷ್ಟೇ ಅಲ್ಲ, ರೋಗದ ಮೂಲವನ್ನೂ ಪತ್ತೆಹಚ್ಚಿದನು. ಪಂಪಿಗೆ ಎದುರಾಗಿದ್ದ 40ನೆಯ ನಂಬರಿನ ಮನೆಯಲ್ಲಿ ಒಂದು ಹಸುಗೂಸಿಗೆ ಆಗಸ್ಟ್ ಕೊನೆಯಲ್ಲಿ ಭೇದಿ ಹತ್ತಿತ್ತು; ತಾಯಿಯು ಅದರ ಬಟ್ಟೆಗಳನ್ನು ಒಗೆದ ನೀರನ್ನು ಮನೆಯ ಮುಂದಣ ಮಲಗುಂಡಿಗೆ ಚೆಲ್ಲಿದ್ದಳು. ಅಗೆದು ನೋಡಿದಾಗ, ಆ ಗುಂಡಿಗೂ ಬಾವಿಗೂ ನಡುವೆ ಮೂರು ಅಡಿಗಳಷ್ಟು ಕೂಡ ಅಂತರವಿರಲಿಲ್ಲ. ಗುಂಡಿಯ ಇಟ್ಟಿಗೆಗಳು ಶಿಥಿಲವಾಗಿದ್ದುವು. ಹಿಡಿಯನ್ನು ಕಳಚಿದ ದಿನವೇ ಆ ಮಗುವಿನ ತಂದೆಯೂ ರೋಗಕ್ಕೆ ತುತ್ತಾದನು. ಹಿಡಿಯು ಅಲ್ಲಿಯೇ ಇದ್ದಿದ್ದರೆ ಎರಡನೆಯ ಸಲ ಕೇರಿಗೆ ಕೇರಿಯೇ ಬರಿದಾಗುವ ಸಂಭವವಿದ್ದಿತು. ಹಿಡಿಗೆ ಸಲ್ಲಬೇಕಾದ ನಿಜವಾದ ಕೀರ್ತಿಯು ಇದು.

ಇನ್ನು ಹೋಮಿಯೋಪತಿಯ ಅಂಕೆಗೆ ಹಿಂದಿರುಗಿದರೆ, ಅದು ಸುಳ್ಳೆಂದು ಹೇಳಲು ಆಧಾರವಿಲ್ಲ; ಅದರಿಂದ ಎಳೆದ ತೀರ್ಮಾನವು ಮಾತ್ರ ನಿಲ್ಲುವುದಿಲ್ಲ. ಎರಡು ಆಸ್ಪತ್ರೆಗಳ ರೋಗಿಗಳು ಸಮಾನರಾಗಿದ್ದರೇ ಎಂಬುದನ್ನು ಯಾರೂ ನೋಡಲಿಲ್ಲ. ರೋಗಾಣುವನ್ನು ಪರೀಕ್ಷಿಸಿ ನಿರ್ಧರಿಸುವ ಉಪಾಯವು ಅಂದು ಯಾರಲ್ಲಿಯೂ ಇರಲಿಲ್ಲ. 61 ಎಂಬುದು ಬಹು ಸಣ್ಣ ಸಂಖ್ಯೆ. ಎಲ್ಲಕ್ಕೂ ಮಿಗಿಲಾಗಿ, ರಕ್ತವನ್ನು ತೆಗೆಯುವ, ಪಾದರಸವನ್ನು ತಿನ್ನಿಸುವ ವೈದ್ಯನೊಡನೆ ಹೋಲಿಸಿದಾಗ, ಏನನ್ನೂ ಮಾಡದೆ ಆರೈಕೆಮಾಡುವವನು ಗೆಲ್ಲುವುದು ಸಹಜ. ಆ ಗೆಲುವು ಬಿಂದುಗಳದಲ್ಲ, ಎದುರಾಳಿಯ ಸೋಲು. ಈ ವಿವರಣೆಯನ್ನು ಅಂದಿನ ಸಮಿತಿಯು ಕೊಡಲಾರದೆ ಹೋಯಿತು. ಕೊಟ್ಟಿದ್ದರೆ ತನ್ನ ಚಿಕಿತ್ಸೆಯು ಕೊಲ್ಲುತ್ತಿದೆಯೆಂದು ಒಪ್ಪಿಕೊಳ್ಳಬೇಕಾಗುತ್ತಿದ್ದಿತು. ಅದೇ ಆರೋಗ್ಯಮಂಡಲಿಯ ತನಿಖೆಯು 1855ರಲ್ಲಿ ಸ್ನೋವಿನ ವಾದವನ್ನೂ ತಳ್ಳಿಹಾಕಿತೆಂಬುದನ್ನು ಮರೆಯಬಾರದು.

ವಾಂತಿಭೇದಿಯ ನಿಜವಾದ ಔಷಧವು ನೀರೂ ಉಪ್ಪೂ ಆಗಿದ್ದುವು. ಸ್ಕಾಟ್ಲೆಂಡಿನ ಡಾಕ್ಟರ್ ಲಾಟಾ 1832ರಲ್ಲಿಯೇ ಉಪ್ಪುನೀರನ್ನು ರೋಗಿಗಳ ರಕ್ತನಾಳಗಳಿಗೆ ಹರಿಸಿ ಕೆಲವರನ್ನು ಬದುಕಿಸಿದ್ದನು. ಲೋಕವು ಅದನ್ನು ಮರೆಯಿತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು ಮತ್ತು ಗ್ಲೂಕೋಸ್ ಕಲಸಿದ ನೀರನ್ನು ಕುಡಿಸಿ, ಶೇಕಡಾ 30ರ ಸಮೀಪದಲ್ಲಿದ್ದ ಮರಣವನ್ನು ಶೇಕಡಾ 4ಕ್ಕಿಂತ ಕೆಳಗೆ ಇಳಿಸಿದರು. ಆ ನೀರಿನ ಗುಣವನ್ನು ಅಲ್ಲಿಂದ ಈಚೆಗೆ ಜಗತ್ತಿನ ಯಾವ ಊರಿನಲ್ಲಿ ಪರೀಕ್ಷಿಸಿದರೂ ಅದು ಸುಳ್ಳಾಗಲಿಲ್ಲ. ಹೋಮಿಯೋಪತಿಯ ಬಿಂದುಗಳನ್ನು ಬರಿಯ ಸಕ್ಕರೆಯ ಗುಳಿಗೆಗಳೊಡನೆ ಹೋಲಿಸಿದ ಪರೀಕ್ಷೆಗಳನ್ನು 2010ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ವಿಜ್ಞಾನ ಸಮಿತಿಯು ವಿಮರ್ಶಿಸಿ, ಇವೆರಡಕ್ಕೂ ಭೇದವಿಲ್ಲವೆಂಬ ನಿರ್ಣಯಕ್ಕೆ ಬಂದಿತು.

ಸ್ನೋ 1858ರಲ್ಲಿ, 45ನೆಯ ವಯಸ್ಸಿನಲ್ಲಿ, ತನ್ನ ಮತವು ಸರ್ವಮಾನ್ಯವಾಗುವ ಮೊದಲೇ ಗತಿಸಿದನು. ಬ್ರಾಡ್ ಸ್ಟ್ರೀಟಿಗೆ 1936ರಲ್ಲಿ ಬ್ರಾಡ್ವಿಕ್ ಸ್ಟ್ರೀಟ್ ಎಂಬ ಹೆಸರಾಯಿತು. ಪಂಪಿದ್ದ ಸ್ಥಳದ ಮಗ್ಗುಲಲ್ಲಿದ್ದ ಹಳೆಯ ಪಾನಗೃಹಕ್ಕೆ 1950ರ ದಶಕದಲ್ಲಿ ಜಾನ್ ಸ್ನೋವಿನ ಹೆಸರನ್ನೇ ಇಟ್ಟರು. ಮದ್ಯವನ್ನು ಬಿಟ್ಟವನ ಹೆಸರು ಮದ್ಯದ ಮನೆಯ ಹಲಗೆಯ ಮೇಲೇರಿದುದು ನಗೆಗೆ ಆಸ್ಪದವಾದರೂ ಅನುಚಿತವಲ್ಲ. ಯಾರಿಗೆ ಯಾವ ಔಷಧವು ಹಿಡಿಯಿತೆಂದು ಕೇರಿಯ ಜನರು ಕೂಡಿ ತೀರ್ಮಾನಿಸುವ ಸ್ಥಳದಲ್ಲಿ, ಹಿಡಿಯದವರು ಯಾರು, ಕುಡಿಯದವರು ಯಾರು, ಎಂದು ಎದ್ದುಹೋಗಿ ಕೇಳಿಬಂದವನ ಹೆಸರು ಇರುವುದು ಒಳ್ಳೆಯದೇ.