ವಿಶ್ವಾಸ ಪ್ರಮಾಣವಿಲ್ಲದ ಸಭೆ

ಅಮೆರಿಕದ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಸಭೆಗೆ ಸೇರಬೇಕೆಂದರೆ ಬಹುತೇಕ ಕಡೆ ಸದಸ್ಯರ ಪುಸ್ತಕದಲ್ಲಿ ಒಂದು ಸಹಿ ಹಾಕಿದರೆ ಮುಗಿಯಿತು. ದೇವರನ್ನು ನಂಬುತ್ತೀರಾ ಎಂದು ಯಾರೂ ಕೇಳುವುದಿಲ್ಲ. ದೀಕ್ಷಾಸ್ನಾನ ಬೇಕಿಲ್ಲ, ಹಳೆಯ ಮತ ಬಿಟ್ಟೆ ಎಂದು ಬರೆದುಕೊಡಬೇಕಾಗಿಯೂ ಇಲ್ಲ. ಭಾನುವಾರ ಬೆಳಿಗ್ಗೆ ಒಂದೇ ಸಾಲಿನಲ್ಲಿ ನಾಸ್ತಿಕರು, ಬೌದ್ಧ ಧ್ಯಾನ ಮಾಡುವವರು, ಯೇಸುವನ್ನು ಗುರುವೆಂದಷ್ಟೇ ಒಪ್ಪುವವರು ಕೂತಿರುತ್ತಾರೆ. ಇಂಥವರೆಲ್ಲ ಮುಂದಿನ ಭಾನುವಾರವೂ ಯಾಕೆ ಬರುತ್ತಾರೆ?

ಈ ಪಂಥದ ಚರಿತ್ರೆಯನ್ನು ಸಾಮಾನ್ಯವಾಗಿ ವಿಚಾರಗಳ ಚರಿತ್ರೆಯೆಂದೇ ಬರೆಯುತ್ತಾರೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿತ್ವವನ್ನು ನಿರಾಕರಿಸಿದ್ದು ಯಾರು, ನರಕವನ್ನು ತಳ್ಳಿಹಾಕಿದ್ದು ಯಾರು ಎಂಬುದೇ ಅಲ್ಲಿ ಮುಖ್ಯ. ನನಗೆ ಕಾಣುವ ಮಟ್ಟಿಗೆ ವಿಚಾರ ಜನರನ್ನು ಬಾಗಿಲವರೆಗೆ ಕರೆತಂದಿದೆ. ಒಳಗೆ ಉಳಿಸಿಕೊಳ್ಳುವ ಕೆಲಸ ಬೇರೆಯದೇ ಆಗಿತ್ತು. ಅದನ್ನು ಕಲಿಯಲು ಅವರಿಗೆ ತುಂಬ ಕಾಲ ಹಿಡಿಯಿತು.

ಶುರುವಾದದ್ದು ಟ್ರಾನ್ಸಿಲ್ವೇನಿಯಾದಲ್ಲಿ. 1568ರ ತೋರ್ದಾ ಶಾಸನದ ಪ್ರಕಾರ ಪ್ರಸಂಗಿ ತನಗೆ ತಿಳಿದಂತೆ ಬೋಧಿಸಬಹುದಿತ್ತು. ಆ ಬೋಧನೆ ಸಭೆಗೆ ಹಿಡಿಸದಿದ್ದರೆ ಸಭೆಯನ್ನು ಬಲವಂತ ಮಾಡುವಂತಿರಲಿಲ್ಲ. ಅದರ ಹಿಂದಿದ್ದ ಪ್ರಸಂಗಿ ಫೆರೆಂತ್ಸ್ ದಾವಿದ್ ಅವರು, ದೊರೆ ಬದಲಾದ ಮೇಲೆ ಸೆರೆಮನೆ ಸೇರಿ 1579ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೂ ಅಲ್ಲಿನ ಹಂಗೇರಿಯನ್ ಭಾಷೆಯ ಹಳ್ಳಿಗಳಲ್ಲಿ ಯೂನಿಟೇರಿಯನ್ ಸಭೆಗಳು ಇಂದಿಗೂ ಇವೆ.

ಅಮೆರಿಕದ ಕವಲಿನ ಬೇರು ವಿಚಿತ್ರವಾದದ್ದು. ಇಂಗ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದ ಪ್ಯೂರಿಟನ್ನರು ಕಟ್ಟಾ ಮತನಿಷ್ಠರು. ಆದರೆ 1648ರ ಕೇಂಬ್ರಿಜ್ ಪ್ಲಾಟ್‌ಫಾರ್ಮ್ ಎಂಬ ಅವರ ದಾಖಲೆ ಬಿಷಪ್ಪರ ಅಧಿಕಾರವನ್ನು ಬದಿಗಿಟ್ಟು, ಸದಸ್ಯರು ಪರಸ್ಪರ ಮಾಡಿಕೊಂಡ ಒಡಂಬಡಿಕೆಯ ಮೇಲೆ ಸಭೆಯನ್ನು ನಿಲ್ಲಿಸಿತು. ಮುಂದೆ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ತ್ರಿತ್ವವನ್ನು ಬಿಟ್ಟರೂ ಈ ಒಡಂಬಡಿಕೆಯನ್ನು ಬಿಡಲಿಲ್ಲ. ವಿಲಿಯಂ ಎಲ್ಲರಿ ಚಾನಿಂಗ್ 1819ರಲ್ಲಿ ಬಾಲ್ಟಿಮೋರಿನಲ್ಲಿ ಮಾಡಿದ ಪ್ರಸಂಗ ಯೂನಿಟೇರಿಯನ್ ಎಂಬ ಹೆಸರನ್ನು ಒಪ್ಪಿ ಎತ್ತಿಹಿಡಿಯಿತು, 1825ರಲ್ಲಿ ಆ ಹೆಸರಿನ ಸಂಘ ಹುಟ್ಟಿತು. ಈ ನಡುವೆ ಡೆಡಮ್ ಎಂಬ ಊರಿನಲ್ಲಿ ಜಗಳವೊಂದು ಕೋರ್ಟಿಗೆ ಹೋಗಿತ್ತು. ಉದಾರವಾದಿ ಸಭಾಪಾಲಕನನ್ನು ಆರಿಸಿದ್ದು ತೆರಿಗೆ ಕಟ್ಟುವ ಊರಿನವರು. ರೊಟ್ಟಿ–ದ್ರಾಕ್ಷಾರಸದ ಪ್ರಭುಭೋಜನದ ಹಕ್ಕಿದ್ದ ಸದಸ್ಯರಲ್ಲಿ ಹೆಚ್ಚಿನವರು ಅದನ್ನು ಒಪ್ಪದೆ ಹೊರನಡೆದರು. ಆಸ್ತಿ ಯಾರದ್ದು? 1820ರಲ್ಲಿ ಮ್ಯಾಸಚೂಸೆಟ್ಸ್ ನ್ಯಾಯಾಲಯ ಊರಿನವರ ಪರ ನಿಂತಿತು. ‘ನಮ್ಮವರು’ ಯಾರೆಂಬುದನ್ನು ನ್ಯಾಯಾಧೀಶರು ತೀರ್ಮಾನಿಸಬೇಕಾಗಿ ಬಂದದ್ದು ಈ ಚರಿತ್ರೆಯ ದೊಡ್ಡ ವ್ಯಂಗ್ಯ.

1832ರಲ್ಲಿ ಬಾಸ್ಟನ್ನಿನ ಯುವ ಸಭಾಪಾಲಕ ಎಮರ್ಸನ್ ರಾಜೀನಾಮೆ ಕೊಟ್ಟರು. ಪ್ರಭುಭೋಜನವನ್ನು ನಡೆಸಿಕೊಡಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಆಚರಣೆಯ ಬಗೆಗಿನ ಈ ಅಸಮಾಧಾನ ಮುಂದಿನ ನೂರು ವರ್ಷ ಪಂಥದ ಗುಣವೇ ಆಯಿತು. 1933ರ ಮಾನವತಾವಾದಿ ಪ್ರಣಾಳಿಕೆಗೆ ಸಹಿ ಹಾಕಿದವರಲ್ಲಿ ಯೂನಿಟೇರಿಯನ್ ಸಭಾಪಾಲಕರೇ ದೊಡ್ಡ ಸಂಖ್ಯೆಯಲ್ಲಿದ್ದರು. ಪೂಜೆ ಹೋಯಿತು, ಪ್ರಾರ್ಥನೆ ಹೋಯಿತು. ಒಳ್ಳೆಯ ಉಪನ್ಯಾಸವೊಂದು ಉಳಿಯಿತು.

ಅತ್ತ ಪ್ರಾಗ್ ನಗರದಲ್ಲಿ ಯೂನಿಟೇರಿಯನ್ ಸಭಾಪಾಲಕ ನಾರ್ಬರ್ಟ್ ಚಾಪೆಕ್ ಎದುರಿಸಿದ ಸಮಸ್ಯೆ ಬೇರೆ ಬಗೆಯದು. ಅವರ ಸಭೆಯಲ್ಲಿ ಕ್ಯಾಥೊಲಿಕ್ ಚರ್ಚು ಬಿಟ್ಟು ಬಂದವರು ಬಹಳ. ರೊಟ್ಟಿ–ದ್ರಾಕ್ಷಾರಸ ಎಂದರೆ ಅವರಿಗಾಗದು. ಹಾಗೆಂದು ಬರೀ ಭಾಷಣ ಕೇಳಿ ಎದ್ದುಹೋದರೆ ಮನಸ್ಸು ತುಂಬುವುದೂ ಇಲ್ಲ. 1923ರ ಜೂನಿನಲ್ಲಿ ಚಾಪೆಕ್ ಒಂದು ಉಪಾಯ ಮಾಡಿದರು. ಪ್ರತಿಯೊಬ್ಬರೂ ಒಂದೊಂದು ಹೂವು ತಂದು ದೊಡ್ಡ ಹೂದಾನಿಯಲ್ಲಿ ಇಡಬೇಕು, ಹೋಗುವಾಗ ಬೇರೆ ಯಾರೋ ತಂದ ಹೂವನ್ನು ಒಯ್ಯಬೇಕು. ಯಾರು ತಂದದ್ದು ಎಂದು ಕೇಳುವಂತಿಲ್ಲ. ಯಾವ ದೇವತಾಶಾಸ್ತ್ರವನ್ನೂ ಎಳೆದುತರದೆ ‘ನೀನಿಲ್ಲದೆ ಈ ಗುಚ್ಛ ಪೂರ್ತಿಯಲ್ಲ’ ಎಂದು ಕೈಯಾರೆ ಮಾಡಿ ತೋರಿಸುವ ವಿಧಿ ಇದು. ಪತ್ನಿ ಮಾಯಾ 1940ರಲ್ಲಿ ಇದನ್ನು ಅಮೆರಿಕಕ್ಕೆ ಪರಿಚಯಿಸಿದರು. ಚಾಪೆಕ್ ಅವರನ್ನು ನಾಜಿಗಳು ಬಂಧಿಸಿ 1942ರಲ್ಲಿ ಕೊಂದರು. ಈಗ ವಸಂತ ಮುಗಿಯುವ ಹೊತ್ತಿಗೆ ನೂರಾರು ಸಭೆಗಳಲ್ಲಿ ಹೂವಿನ ಆಚರಣೆ ನಡೆಯುತ್ತದೆ.

ಪಂಥದ ಇವತ್ತಿನ ಗುರುತಾದ ಉರಿಯುವ ಬಟ್ಟಲೂ ಯುದ್ಧಕಾಲದ್ದೇ. ನಿರಾಶ್ರಿತರಿಗೆ ನೆರವಾಗುತ್ತಿದ್ದ ಯೂನಿಟೇರಿಯನ್ ಸೇವಾ ಸಮಿತಿಗಾಗಿ ಹಾನ್ಸ್ ಡಾಯ್ಚ್ ಎಂಬ ಕಲಾವಿದ 1941ರಲ್ಲಿ ಬರೆದುಕೊಟ್ಟ ಚಿತ್ರವದು. ಕಾಗದಪತ್ರದ ಮೇಲಿನ ಮೊಹರು ಕ್ರಮೇಣ ವೇದಿಕೆಯ ಮೇಲಿನ ನಿಜವಾದ ದೀಪವಾಯಿತು. ಆಚರಣೆ ಬೇಡವೆಂದವರ ಮೊಮ್ಮಕ್ಕಳು ದೀಪ ಹಚ್ಚದೆ ಸಭೆ ಶುರುಮಾಡುವುದಿಲ್ಲ!

1948ರಿಂದ ಸಭಾಪಾಲಕರಿಲ್ಲದ ‘ಫೆಲೋಶಿಪ್’ಗಳು ಹುಟ್ಟಿಕೊಂಡವು. ಹತ್ತು ಜನ ಸೇರಿದರೆ ಸಾಕು. ಯಾರದೋ ಮನೆಯ ಹಜಾರ, ಶಾಲೆಯ ಕೋಣೆ. ವಿಶ್ವವಿದ್ಯಾಲಯಗಳಿದ್ದ ಊರುಗಳಲ್ಲಿ ಇವು ಚೆನ್ನಾಗಿ ಬೆಳೆದವು. 1961ರಲ್ಲಿ ಯೂನಿಟೇರಿಯನ್ನರು ಯೂನಿವರ್ಸಲಿಸ್ಟರೊಂದಿಗೆ ಒಂದಾದರು. ಎಲ್ಲರಿಗೂ ಮೋಕ್ಷವುಂಟು ಎನ್ನುವ ಈ ಎರಡನೆಯವರು ಹೆಚ್ಚಾಗಿ ಹಳ್ಳಿಗಾಡಿನವರು. 1863ರಷ್ಟು ಹಿಂದೆಯೇ ಒಲಿಂಪಿಯಾ ಬ್ರೌನ್ ಎಂಬ ಮಹಿಳೆಗೆ ಸಭಾಪಾಲಕ ದೀಕ್ಷೆ ಕೊಟ್ಟವರು.

ಇವತ್ತಿನ ಆರಾಧನೆಯಲ್ಲಿ ಹಲವು ಸಭೆಗಳಲ್ಲಿ ‘ಸುಖ–ದುಃಖ’ದ ಹೊತ್ತು ಎಂದೊಂದಿರುತ್ತದೆ. ಒಬ್ಬೊಬ್ಬರಾಗಿ ಎದ್ದು ಬಂದು ಮೇಣದಬತ್ತಿ ಹಚ್ಚುತ್ತಾರೆ, ಇಲ್ಲವೇ ನೀರಿನ ಬೋಗುಣಿಗೆ ಒಂದು ಕಲ್ಲು ಹಾಕುತ್ತಾರೆ: ತಂಗಿಗೆ ಆಪರೇಷನ್, ಮಗನ ಮದುವೆ, ಸತ್ತುಹೋದ ನಾಯಿ. ಕೆಲವರ ಮಾತು ಲಂಬಿಸಿ ಆರಾಧನೆಯ ಸಮಯವನ್ನೆಲ್ಲ ನುಂಗುತ್ತದೆ. ಇದನ್ನು ನಿಲ್ಲಿಸೋಣ ಎಂದರೆ ಸಭೆಯಲ್ಲಿ ರಂಪವಾಗುತ್ತದೆ. ನನ್ನ ಎಣಿಕೆಯಲ್ಲಿ ಪ್ರಸಂಗಕ್ಕಿಂತ ಹೆಚ್ಚು ಜನರನ್ನು ಕಟ್ಟಿಹಾಕಿರುವುದು ಈ ಹದಿನೈದು ನಿಮಿಷ, ಆಮೇಲೆ ಕಾಫಿ. ಕಾಫಿಯ ವಿಷಯದಲ್ಲಿ ನಮಗೂ ಅವರಿಗೂ ಮತಭೇದವಿಲ್ಲ. ತೊಂಬತ್ತರ ದಶಕದ ಕೊನೆಯಿಂದ ಎಂಟು–ಹತ್ತು ಜನರ ಸಣ್ಣ ಗುಂಪುಗಳು ಬಂದವು. ದೀಪ ಹಚ್ಚಿ, ಒಬ್ಬರು ಮಾತಾಡುವಾಗ ಮಿಕ್ಕವರು ಬಾಯಿ ಹಾಕದೆ ಕೇಳುವುದು ಅಲ್ಲಿನ ನಿಯಮ. ವಾದಪ್ರಿಯರಿಗೆ ಇದು ಸಣ್ಣ ತಪಸ್ಸೇನಲ್ಲ.

ಎಲ್ಲರಿಗೂ ಬಾಗಿಲು ತೆರೆದಿದೆ ಎನ್ನುವ ಮಾತು ಚರ್ಮದ ಬಣ್ಣದ ಮುಂದೆ ಮತ್ತೆ ಮತ್ತೆ ಸೋತಿದೆ. ಜಮೈಕಾದ ಎಥೆಲ್‌ರೆಡ್ ಬ್ರೌನ್ 1920ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸಭೆ ಕಟ್ಟಿದಾಗ ಬಾಸ್ಟನ್ನಿನಲ್ಲಿದ್ದ ಪಂಥದ ಕೇಂದ್ರದಿಂದ ಸಿಕ್ಕಿದ್ದು ಹೆಚ್ಚಾಗಿ ಉದಾಸೀನವೇ. 1965ರಲ್ಲಿ ಸೆಲ್ಮಾ ಎಂಬ ಊರಿನಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೋರಾಡಲು ಹೋದ ಜೇಮ್ಸ್ ರೀಬ್ ಎಂಬ ಬಿಳಿಯ ಸಭಾಪಾಲಕ ಹಲ್ಲೆಗೊಳಗಾಗಿ ಪ್ರಾಣ ಬಿಟ್ಟರು. ಪಂಥ ಆ ಬಲಿದಾನವನ್ನು ಹೆಮ್ಮೆಯಿಂದ ನೆನೆಯುತ್ತದೆ. ಅದಾಗಿ ಕೆಲವೇ ವರ್ಷಕ್ಕೆ ಕಪ್ಪು ಸದಸ್ಯರು ತಮ್ಮ ಕಾರ್ಯಕ್ಕೆ ಸ್ವತಂತ್ರ ಹಣಕಾಸು ಕೇಳಿದರು. 1968ರ ಮಹಾಸಭೆ ಹತ್ತು ಲಕ್ಷ ಡಾಲರಿಗೆ ಒಪ್ಪಿತು. ಮರುವರ್ಷ ಸಭಾತ್ಯಾಗ, ಅದರ ಬೆನ್ನಿಗೆ ಹಣ ಕಡಿತ. ಹೊರಹೋದ ಅನೇಕ ಕಪ್ಪು ಸದಸ್ಯರು ಮರಳಿ ಬರಲಿಲ್ಲ. ಬೀದಿಯಲ್ಲಿ ಜೊತೆಗೆ ನಡೆಯುವುದು ಸುಲಭ, ಖಜಾನೆಯ ಕೀಲಿಕೈ ಹಂಚಿಕೊಳ್ಳುವುದು ಕಷ್ಟ. ಜಗಳ ಅಲ್ಲಿಗೇ ನಿಲ್ಲಲಿಲ್ಲ. ಪಂಥ 1985ರಲ್ಲಿ ಒಪ್ಪಿದ ಏಳು ತತ್ತ್ವಗಳ ಜಾಗದಲ್ಲಿ ಪ್ರೀತಿಯನ್ನು ನಡುವಿಗಿಟ್ಟ ಹೊಸ ಮೌಲ್ಯಗಳನ್ನು 2024ರಲ್ಲಿ ತಂದಾಗಲೂ ಚರ್ಚೆ ಬಿಸಿಯಾಗಿಯೇ ಇತ್ತು. ಹೊಸ ಮಾತುಗಳು ವಿಶ್ವಾಸ ಪ್ರಮಾಣದಂತಾಗುತ್ತಿವೆ ಎಂದು ಗೊಣಗಿದವರು ಇದ್ದರು.

ಭಾರತದ ನಂಟು ಹಳೆಯದು. ರಾಮಮೋಹನ ರಾಯರು 1821ರಲ್ಲಿ ಕಲ್ಕತ್ತಾ ಯೂನಿಟೇರಿಯನ್ ಸಮಿತಿಯಲ್ಲಿದ್ದರು. ಏಳು ವರ್ಷದ ಬಳಿಕ ಅವರಿಂದಲೇ ಬ್ರಹ್ಮಸಮಾಜ ಹುಟ್ಟಿತು. ನಮ್ಮಲ್ಲಿ ಸೇರುವುದು ಒಂದು ಸಹಿಯಷ್ಟು ಸರಳವಾಗಿರಲಿಲ್ಲ. 1872ರ ಕಾಯಿದೆಯಂತೆ ಮದುವೆಯಾಗುವ ಬ್ರಹ್ಮಸಮಾಜದವರು ತಾವು ಹಿಂದೂ ಮತ ಅನುಸರಿಸುವುದಿಲ್ಲ ಎಂದು ಘೋಷಿಸಬೇಕಿತ್ತು. ಅದೇ ಹೊತ್ತಿಗೆ ಮಂಗಳೂರಿನಲ್ಲಿ ಬಿಲ್ಲವ ಮುಖಂಡ ಅರಸಪ್ಪನವರ ಕರೆಗೆ ಓಗೊಟ್ಟು ಬ್ರಹ್ಮಸಮಾಜದ ಮುಖಂಡ ಕೇಶವಚಂದ್ರ ಸೇನರ ಕಡೆಯವರು ಬಂದರು. ನಿರೀಕ್ಷಿಸಿದ್ದ ಸಾಮೂಹಿಕ ಸೇರ್ಪಡೆ ಆಗಲಿಲ್ಲ. ಉಳ್ಳಾಲ ರಘುನಾಥಯ್ಯನವರ ಸುತ್ತ ಸೇರಿದ ಕೆಲವೇ ಸಾರಸ್ವತ ಮನೆಗಳಲ್ಲಿ ಸಮಾಜ ಉಳಿಯಿತು. ಅದೇ ಬಳಗದ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಉದ್ಧಾರಕ್ಕೆಂದು ಮಿಷನ್ ಕಟ್ಟಿದಾಗ ಜಾತಿಯವರು ಬಹಿಷ್ಕಾರ ಹಾಕಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ, ಯೂನಿಟೇರಿಯನ್ನರ ನೆರವಿನಿಂದ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಓದಿ ಬಂದು, 1906ರಲ್ಲಿ ಮುಂಬಯಿಯಲ್ಲಿ ಅದೇ ಬಗೆಯ ಕೆಲಸಕ್ಕೆ ಕೈಹಾಕಿದರು. ಎರಡೂ ಕಡೆ ಕೆಲಸ ದೊಡ್ಡದಾಯಿತು, ಸಭೆ ಚಿಕ್ಕದಾಗಿಯೇ ಉಳಿಯಿತು. ಹೆಣ್ಣು ತರುವುದಕ್ಕೆ, ಹೆಣ ಹೊರುವುದಕ್ಕೆ ನೆಂಟರು ಬೇಕಾದ ಸಮಾಜದಲ್ಲಿ ಬರೀ ವಿಚಾರ ಹಂಚಿಕೊಂಡವರ ಬಳಗ ಯಾವ ಮಟ್ಟಕ್ಕೆ ಆಸರೆಯಾದೀತು?

ಈಗಿನ ಮೇಘಾಲಯದ ಖಾಸಿ–ಜಯಂತಿಯಾ ಗುಡ್ಡಗಳಲ್ಲಿ ಆದದ್ದೇ ಬೇರೆ. 1887ರಲ್ಲಿ ಜೊವಾಯಿಯಲ್ಲಿ ಹಜೋಮ್ ಕಿಸ್ಸೋರ್ ಸಿಂಗ್ ಕಟ್ಟಿದ ಯೂನಿಟೇರಿಯನ್ ಸಭೆ ಖಾಸಿ ಭಾಷೆಯಲ್ಲೇ ಹಾಡಿತು. ಹಾಡುಗಳನ್ನು ಅವರೇ ಬರೆದರು. ಕಲ್ಕತ್ತಾದಲ್ಲಿದ್ದ ಅಮೆರಿಕನ್ ಪ್ರಚಾರಕ ಚಾರ್ಲ್ಸ್ ಡಾಲ್ ಕಳಿಸಿದ ಪುಸ್ತಕಗಳು ಅವರಿಗೆ ಹೆಸರು ಒದಗಿಸಿದವಷ್ಟೆ, ದೇವರೊಬ್ಬನೇ ಎಂಬ ಮಾತಿಗೆ ನೆಲ ಮೊದಲೇ ಹದವಾಗಿತ್ತು. ಅಮೆರಿಕದ ಸಭೆಗಳಲ್ಲಾದರೋ ಬಹುಪಾಲು ಜನ ಬೇರೆ ಮತಗಳಿಂದ ಬಂದವರು. ಅಲ್ಲಿ ಹದಿಹರೆಯದ ಮಕ್ಕಳಿಂದ ಅವರವರ ನಂಬಿಕೆಯ ಬರಹ ಬರೆಸಿ ಎಲ್ಲರೆದುರು ಓದಿಸುತ್ತಾರೆ. ಹಾಗೆ ಓದಿದವರಲ್ಲಿ ಎಷ್ಟೋ ಮಂದಿ ಕಾಲೇಜಿಗೆ ಹೋದ ಮೇಲೆ ಆ ಕಡೆ ತಲೆಹಾಕುವುದಿಲ್ಲ. ಮೇಘಾಲಯದ ಹಳ್ಳಿಗಳಲ್ಲಿ ಮಾತ್ರ ಅಜ್ಜಿ, ತಾಯಿ, ಮೊಮ್ಮಗಳು ಒಂದೇ ಸಭೆಯವರು.