ಧ್ವನಿತಟ್ಟೆಯೂ ಧೂಳೂ

ಧೂಳೆಂಬುದು ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಪದಾರ್ಥವಲ್ಲ. ಬಳ್ಳಾರಿಯಲ್ಲಿ ಅದಿರಿನ ಲಾರಿಗಳ ಹಾದಿಯಿಂದೇಳುವ ಕೆಂಧೂಳು, ಸಿರುಗುಪ್ಪದಲ್ಲಿ ಭತ್ತದ ಗಿರಣಿಗಳ ತೌಡಿನ ಪುಡಿ, ಕುರುಗೋಡಿನಲ್ಲಿ ಎರೆಮಣ್ಣಿನ ಹುಡಿಯೊಡನೆ ಹತ್ತಿಯ ಎಳೆ. ಹೀಗೆ ಊರಿಗೊಂದು ಬಗೆಯುಂಟು. ಮೇಜಿನ ಮೇಲೆ ಕುಳಿತ ಧೂಳನ್ನು ಒರೆಸಿದರೆ ತೀರಿತು. ಗ್ರಾಮಫೋನಿನ ತಟ್ಟೆಯ ಮೇಲೆ ಕುಳಿತ ಧೂಳಿನ ವಿಷಯವು ಅಷ್ಟು ಸುಲಭವಲ್ಲ. ಅದನ್ನು ತೆಗೆಯುವ ಸಾಧನಗಳಿಗೂ ಒಂದು ಚರಿತ್ರೆಯಿರುವುದು. ಆ ಚರಿತ್ರೆಯನ್ನರಿಯದೆ ಒರೆಸಹೊರಟವರು ತಟ್ಟೆಯನ್ನೇ ಕಳೆದುಕೊಳ್ಳುವುದುಂಟು.

ತಟ್ಟೆಯ ಮೇಲಿನ ಗೀರು ಹೊರ ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುವುದು. ಗಾಯಕನ ಧ್ವನಿಯು ಆ ಗೀರಿನ ಬಳುಕುಗಳಲ್ಲಿ ಅಡಗಿರುತ್ತದೆ. ಅಲ್ಲಿ ಕಣವೊಂದು ಸಿಕ್ಕಿದರೆ ಮುಳ್ಳು ಅದನ್ನು ಗೋಡೆಗೆ ಒತ್ತಿ ಉಜ್ಜುವುದು. ಮೊದಲು ಚಿಟಚಿಟ ಸದ್ದು ಕೇಳಿಸುವುದು. ಬಳಿಕ ಗೀರೇ ಸವೆಯುವುದು. ಸವೆದುದನ್ನು ಮರಳಿ ತರುವ ಉಪಾಯವಿಲ್ಲ.

ಹಳೆಯ ತಟ್ಟೆಗಳು ಯಾವುದರಿಂದಾದುವೆಂಬುದನ್ನು ಮೊದಲು ತಿಳಿಯಬೇಕು. ಮುತ್ತುಗ ಮೊದಲಾದ ಮರಗಳಲ್ಲಿ ಕೀಟವು ಸ್ರವಿಸುವ ಲಾಕ್ಷೆ, ಎಂದರೆ ನಮ್ಮ ಅರಗು. ಅದಕ್ಕೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ ಅಚ್ಚೊತ್ತುತ್ತಿದ್ದರು. ಪಾಂಡವರನ್ನು ದಹಿಸಲೆಂದು ಮನೆಯಾದ ವಸ್ತುವೇ ಇಲ್ಲಿ ನಾದಕ್ಕೆ ನೆಲೆಯಾಯಿತು. 1902ರಲ್ಲಿ ಗೈಸ್‌ಬರ್ಗನು ಕಲ್ಕತ್ತೆಯಲ್ಲಿ ಗೌಹರ್ ಜಾನಳ ಗಾನವನ್ನು ಮುದ್ರಿಸಿದನು. ಆ ವಿದುಷಿಯು ಕಡೆಗೆ 1930ರಲ್ಲಿ ನಮ್ಮ ಮೈಸೂರಿನಲ್ಲಿಯೇ ಕಾಲವಾದಳು. 1908ರಲ್ಲಿ ಸಿಯಾಲ್ದದಲ್ಲಿಯೂ 1928ರಲ್ಲಿ ಡಂಡಂನಲ್ಲಿಯೂ ತಟ್ಟೆಯ ಕಾರ್ಖಾನೆಗಳಾದುವು. ಬಳ್ಳಾರಿಯು 1953ರವರೆಗೂ ಮದರಾಸು ಪ್ರಾಂತಕ್ಕೆ ಸೇರಿದ್ದು, ಕನ್ನಡ ತೆಲುಗುಗಳೆರಡೂ ಇಲ್ಲಿ ಬಳಕೆಯಲ್ಲಿದ್ದುವು. ಧರ್ಮವರಂ ಕೃಷ್ಣಮಾಚಾರ್ಯರೂ ರಾಘವರೂ ನಾಟಕಕಲೆಯನ್ನು ಬೆಳೆಸಿದ ಊರಿದು.

ಆ ಕಾಲದ ಧೂಳು ತೆಗೆಯುವ ಸಾಧನಗಳು ಸರಳವಾದುವು. ಅಂಗೈಯಲ್ಲಿ ಹಿಡಿಯುವ ದುಂಡನೆಯ ಮಖಮಲ್ಲಿನ ಒತ್ತು ಒಂದು. ಅದರ ಬೆನ್ನಿನ ಮೇಲೆ ವ್ಯಾಪಾರಿಗಳು ತಮ್ಮ ಜಾಹೀರಾತನ್ನು ಅಚ್ಚು ಹಾಕಿಸುತ್ತಿದ್ದರು. ಮೃದುವಾದ ಕೂದಲಿನ ಕುಂಚ ಇನ್ನೊಂದು. ಗೀರು ಸಾಗುವ ದಿಕ್ಕಿನಲ್ಲಿಯೇ ಒರೆಸಬೇಕೆಂಬುದು ನಿಯಮ. ಉಕ್ಕಿನ ಮುಳ್ಳು ತಟ್ಟೆಯಲ್ಲಿನ ಕಲ್ಲಿನ ಪುಡಿಗೆ ತಾನೇ ಸವೆಯುತ್ತಿದ್ದುದರಿಂದ ಪ್ರತಿ ಪಾರ್ಶ್ವಕ್ಕೂ ಹೊಸ ಮುಳ್ಳನ್ನು ತೊಡಿಸಬೇಕಾಗಿತ್ತು. ಮಿತವ್ಯಯವೆಂದು ಹಳೆಯ ಮುಳ್ಳನ್ನೇ ಓಡಿಸಿದ ಮನೆಗಳ ತಟ್ಟೆಗಳು ಇಂದು ಬೂದುಬಣ್ಣಕ್ಕೆ ತಿರುಗಿರುವುದನ್ನು ಕಾಣಬಹುದು.

1948ರಲ್ಲಿ ಅಮೆರಿಕೆಯ ಕೊಲಂಬಿಯಾ ಸಂಸ್ಥೆಯವರು ವಿನೈಲಿನ ದೀರ್ಘಾವಧಿ ತಟ್ಟೆಯನ್ನು ಹೊರತಂದರು. ಅಂಗುಲವನ್ನು 1000 ಪಾಲು ಮಾಡಿದರೆ ಹಳೆಯ ಮುಳ್ಳಿನ ತುದಿಯ ತ್ರಿಜ್ಯವು ಸುಮಾರು 3 ಪಾಲು. ಇದರದು 1 ಪಾಲು. ಗೀರು ಕಿರಿದಾದಷ್ಟೂ ಕಣದ ಉಪದ್ರವ ಹಿರಿದು. ಮೇಲಾಗಿ ವಿನೈಲು ವಿದ್ಯುತ್ತನ್ನು ಹರಿಯಗೊಡದು; ಒಣಬಟ್ಟೆಯಿಂದ ಉಜ್ಜಿದರೆ ವಿದ್ಯುದಂಶವು ಮೈಮೇಲೆ ನಿಂತು ಸುತ್ತಲಿನ ಧೂಳನ್ನು ಸೆಳೆದುಕೊಳ್ಳುವುದು. ಎಂದರೆ, ಒರೆಸುವುದೇ ಧೂಳಿಗೆ ಆಹ್ವಾನ! ಇದನ್ನರಿತು ಇಂಗ್ಲೆಂಡಿನ ಸಿಸಿಲ್ ವಾಟ್ಸನು 1950ರ ದಶಕದಲ್ಲಿ ‘ಡಸ್ಟ್ ಬಗ್’ ಎಂಬ ಪುಟ್ಟ ತೋಳನ್ನು ರಚಿಸಿದನು. ತಟ್ಟೆ ತಿರುಗುತ್ತಿರುವಾಗಲೇ ಅದರ ಕುಂಚವೂ ತುಸು ತೇವದ ಸುರುಳಿಯೂ ಮುಳ್ಳಿಗಿಂತ ಮುಂದಾಗಿ ಧೂಳನ್ನು ಗುಡಿಸುವುವು. ಪರ್ಸಿ ವಿಲ್ಸನನ ಕಲ್ಪನೆಯನ್ನು ಅನುಸರಿಸಿ ಕೀತ್ ಮಾಂಕ್ಸನು 1969ರಲ್ಲಿ ಯಂತ್ರವೊಂದನ್ನು ನಿರ್ಮಿಸಿದನು. ಇದು ದ್ರವದಿಂದ ತಟ್ಟೆಯನ್ನು ತೊಳೆದು, ಕೊಳೆಯನ್ನು ಸಣ್ಣ ನಳಿಕೆಯಿಂದ ಹೀರಿಕೊಳ್ಳುವುದು. ನಳಿಕೆ ತಟ್ಟೆಗೆ ತಾಗದಂತೆ ನಡುವೆ ನೂಲಿನ ಎಳೆಯೊಂದು ಸರಿಯುತ್ತಿರುವುದು. 1970ರ ದಶಕದಲ್ಲಿ ಬಂದ ಇಂಗಾಲದ ಎಳೆಗಳ ಕುಂಚವು ಧೂಳಿನೊಡನೆ ವಿದ್ಯುದಂಶವನ್ನೂ ತೆಗೆದುಕೊಳ್ಳುವುದು.

ಪ್ರಕೃತ ವಿಷಯದ ಮುಖ್ಯಾಂಶವು ಇಲ್ಲಿದೆ. ವಿನೈಲನ್ನು ತೊಳೆಯುವ ದ್ರವಗಳಲ್ಲಿ ಅನೇಕವು ಮದ್ಯಸಾರವುಳ್ಳವು. ವಿನೈಲಿಗೆ ಅದು ಒಗ್ಗುವುದು. ಅರಗಿಗೆ ಅದೇ ಮೃತ್ಯು. ಬಡಗಿಯು ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ ಮರಕ್ಕೆ ಮೆರುಗು ಕೊಡುವುದನ್ನು ಯಾರು ಕಂಡಿಲ್ಲ? ಇಂದಿನ ಅಂಗಡಿಯ ದ್ರವವನ್ನು ಅಜ್ಜನ ಕಾಲದ ತಟ್ಟೆಗೆ ಹಚ್ಚಿದರೆ ಧೂಳಿನೊಡನೆ ಹಾಡೂ ಕರಗಿ ಬರುವುದು. ಡಂಡಂನಲ್ಲಿ 1960ರ ದಶಕದವರೆಗೂ 78 ಸುತ್ತಿನ ತಟ್ಟೆಗಳು ಅಚ್ಚಾಗುತ್ತಿದ್ದುದರಿಂದ ಮನೆಯ ಒಂದೇ ಪೆಟ್ಟಿಗೆಯಲ್ಲಿ ಎರಡೂ ಜಾತಿಯವು ಇರುವ ಸಂಭವವುಂಟು. ಭಾರವಾಗಿ, ಬಾಗದೆ, ಬಿದ್ದರೆ ಒಡೆಯುವಂಥದು ಅರಗಿನದು. ಹಗುರವಾಗಿ ಬಳುಕುವಂಥದು ವಿನೈಲು. ಅರಗಿನದಕ್ಕೆ ಮೆತ್ತನೆಯ ಒಣಕುಂಚವೇ ಮೊದಲ ಮದ್ದು. ಜಿಡ್ಡು ಹೋಗದಿದ್ದರೆ ಬಟ್ಟಿಯಿಳಿಸಿದ ನೀರಿಗೆ ಒಂದೆರಡು ಹನಿ ಮೃದುವಾದ ಸಾಬೂನು ಸೇರಿಸಿ, ನಡುವಿನ ಚೀಟಿಗೆ ತಾಗದಂತೆ ಬೇಗನೆ ಒರೆಸಿ, ಶುದ್ಧಜಲದಿಂದ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಆರಿಸತಕ್ಕದ್ದು.

ಇಷ್ಟು ಶ್ರಮವೇತಕ್ಕೆಂದು ಕೇಳುವವರುಂಟು. ಮಲ್ಲಿಕಾರ್ಜುನ ಮನ್ಸೂರರ, ಗಂಗೂಬಾಯಿ ಹಾನಗಲ್ಲರ ಯೌವನದ ಕಂಠವು 1930ರ ದಶಕದ ಇಂಥ ತಟ್ಟೆಗಳಲ್ಲಿಯೇ ನಿಂತಿದೆ. ಹೆಸರಾಂತವರ ಹಾಡುಗಳನ್ನು ಸಂಗ್ರಾಹಕರು ಹೇಗೋ ಉಳಿಸಿಕೊಂಡಾರು. ಹೆಸರು ಮರೆಯಾದ ನಾಟಕದ ನಟರ ಪದಗಳಿಗೆ ಯಾವುದೋ ಮನೆಯ ಅಟ್ಟದ ಪ್ರತಿಯೊಂದೇ ಗತಿಯಾಗಿರಬಹುದು. ನಮ್ಮ ಓಲೆಗರಿಯ ಲಿಪಿಕಾರರು ಗ್ರಂಥವನ್ನು ಎಣ್ಣೆಯಿಂದಲೂ ನೀರಿನಿಂದಲೂ ಸಡಿಲ ಕಟ್ಟಿನಿಂದಲೂ ಕಾಪಾಡಿರೆಂದು ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ತಟ್ಟೆಯನ್ನು ಅಚ್ಚೊತ್ತಿದವರು ಅಂಥ ಪ್ರಾರ್ಥನೆಯನ್ನು ಬರೆದಿಡಲಿಲ್ಲ. ಆದುದರಿಂದ ವಾಚಕರು ಪೆಟ್ಟಿಗೆಯನ್ನು ತೆರೆದಾಗ ಮೊದಲು ತಟ್ಟೆಯ ಜಾತಿಯನ್ನು ನಿಶ್ಚಯಿಸಿ, ಅನಂತರವೇ ಕುಂಚವನ್ನು ಕೈಗೆತ್ತಿಕೊಳ್ಳುವುದು ಯುಕ್ತ.