ಕೊನೇ ಸಾಲಿಗೆ ಕೇಳಿಸ್ತಾ?

ಕೆಲವು ವರ್ಷಗಳ ಹಿಂದೆ ನಾನೂ ಒಂದು ಹವ್ಯಾಸಿ ತಂಡದಲ್ಲಿದ್ದೆ. ಆಫೀಸ್ ಮುಗಿಸ್ಕೊಂಡು, ಟ್ರಾಫಿಕ್ ದಾಟ್ಕೊಂಡು ರಿಹರ್ಸಲ್‌ಗೆ ಓಡೋದು. ಮೊದಲ ಶೋನಲ್ಲಿ ಗಂಟಲು ಹರಿಯುವಂತೆ ಕಿರುಚಿದೆ. ಎರಡನೇ ದಿನಕ್ಕೆ ಗಂಟಲೇ ಕಟ್ಟಿತ್ತು. ಕೊನೇ ಸಾಲಲ್ಲಿ ಕೂತಿದ್ದ ಅಮ್ಮ ಮನೆಗೆ ಬಂದ್ಮೇಲೆ, "ಏನೋ ಕೂಗಾಡ್ತಿದ್ದೆ, ಒಂದು ಮಾತೂ ತಿಳೀಲಿಲ್ಲ ಕಣೋ" ಅಂದಳು.

ಹಾಗಾದ್ರೆ ಮೈಕ್ ಇಲ್ಲದ ಕಾಲದ ನಟರು ಹೇಗೆ ನಿಭಾಯಿಸ್ತಿದ್ರು?

1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನೇ ತಗೊಳ್ಳಿ. ಊರೂರಲ್ಲಿ ಕ್ಯಾಂಪ್ ಹಾಕಿ ನಾಟಕ ಆಡ್ತಿದ್ದ ಕಂಪನಿ ಅದು. ಮೈಕ್ ಬರೋ ಮೊದಲು ಹಾಡು, ಮಾತು ಎರಡನ್ನೂ ನಟನೇ ತನ್ನ ಉಸಿರಿನ ಬಲದಿಂದ ಕೊನೇ ಸಾಲಿಗೆ ಮುಟ್ಟಿಸಬೇಕಿತ್ತು. ಹಾರ್ಮೋನಿಯಂ ಮೇಷ್ಟ್ರು, ಹಿರಿಯ ನಟರು, ಮತ್ತೆ ಮತ್ತೆ ಆಡುವ ಆಟ: ಇವೇ ಅಲ್ಲಿನ ಪಾಠಶಾಲೆ. ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಆ ಕಂಪನಿ ಸೇರಿದವರು. ರಾಜ್‌ಕುಮಾರ್ ಅವರ ತಂದೆಯೂ ಅದೇ ಕಂಪನಿಯ ನಟರು. 1954ರಲ್ಲಿ 'ಬೇಡರ ಕಣ್ಣಪ್ಪ'ದ ನಾಯಕನಾಗಿ ಬಂದ ರಾಜ್‌ಕುಮಾರ್ ಅವರ ಕಂಠ ಪಳಗಿದ್ದು ಸ್ಟುಡಿಯೋದಲ್ಲಲ್ಲ, ರಂಗದ ಮೇಲೆ.

ಇಂಗ್ಲೆಂಡಿನಲ್ಲಿ ಈ ಕಲಿಕೆ ತರಗತಿಯ ರೂಪ ಪಡೆಯಿತು. 1906ರಲ್ಲಿ ಎಲ್ಸಿ ಫೋಗರ್ಟಿ ಲಂಡನ್ನಿನಲ್ಲಿ ಸೆಂಟ್ರಲ್ ಸ್ಕೂಲ್ ತೆರೆದರು. ಲಾರೆನ್ಸ್ ಒಲಿವಿಯರ್ ಅಲ್ಲಿಯೇ ಕಲಿತದ್ದು. ಅದೇ ಶಾಲೆಯಲ್ಲಿ ಕಲಿತ ಸಿಸಿಲಿ ಬೆರಿ ಮುಂದೆ ರಾಯಲ್ ಶೇಕ್ಸ್‌ಪಿಯರ್ ಕಂಪನಿಯಲ್ಲಿ ದಶಕಗಳ ಕಾಲ ನಟರ ದನಿ ಪಳಗಿಸಿದರು. ಉಚ್ಚಾರ ತಿದ್ದೋದಷ್ಟೇ ಅವರ ಕೆಲಸ ಆಗಿರಲಿಲ್ಲ. ಸಾಲು ಹೇಳ್ತಾ ನಡೀಬೇಕು, ಅಲ್ಪವಿರಾಮವೋ ಪೂರ್ಣವಿರಾಮವೋ ಬಂದ ಕಡೆ ದಿಕ್ಕು ಬದಲಿಸಬೇಕು, ಇಂಥ ಅಭ್ಯಾಸಗಳು. ಮಾತಿನ ತಿರುವು ಮೈಗೇ ಗೊತ್ತಾಗಿಬಿಟ್ಟರೆ ಕಿರುಚೋ ಅಗತ್ಯ ಬೀಳೋದಿಲ್ಲ.

ನನಗೆ ಅರ್ಥವಾಗಿದ್ದು ಇಷ್ಟು. ಕಂಪನಿ ನಟರಿಗೆ ಬದುಕೇ ತಾಲೀಮು. ನಮಗಿರೋದು ವಾರಕ್ಕೆ ಮೂರು ಸಂಜೆ. ಅದರಲ್ಲೂ ಸೆಟ್ಟು, ಲೈಟು, ಪೋಸ್ಟರ್ ಎಲ್ಲಕ್ಕೂ ದುಡ್ಡಿರುತ್ತೆ, ದನಿಗೆ ಮಾತ್ರ ಇರಲ್ಲ. ಕಂಪನಿಯ ಬದುಕು ಪುಕ್ಕಟೆಯಾಗಿ ಕೊಡ್ತಿದ್ದನ್ನು ಈಗ ಒಬ್ಬ ಮೇಷ್ಟ್ರ ಹತ್ತಿರ ಕೂತೇ ಕಲೀಬೇಕು.

ನಾನೂ ಕಲಿಯೋಕೆ ಹೋದೆ. ಎರಡು ವಾರ ಡೈಲಾಗೇ ಇಲ್ಲ, ಬರೀ ಉಸಿರಾಟ. ಮುಂದಿನ ನಾಟಕಕ್ಕೂ ಅಮ್ಮ ಕೊನೇ ಸಾಲಲ್ಲೇ ಕೂತಳು. ಮನೆಗೆ ಬಂದು, "ಆ ಮಗ ಅಪ್ಪನಿಗೆ ಹಾಗೆ ಎದುರಾಡಿದ್ದು ತಪ್ಪು" ಅಂತ ಅರ್ಧ ಗಂಟೆ ಜಗಳ ಆಡಿದಳು.

ಅಂದ್ರೆ, ಕೇಳಿಸಿತ್ತು.